15 ತಿಂಗಳ ಮಗಳಿಗೆ ಎದೆಯಿಂದ ಕಣಕಾಲಿನವರೆಗೆ ಪ್ಲಾಸ್ಟರ್: ಈ ಮಳೆಗಾಲದಲ್ಲಿ ಒದ್ದೆಯಾಗದಂತೆ ನೋಡಿಕೊಳ್ಳುವುದು ಹೇಗೆ?

ತೀರ್ಥಹಳ್ಳಿಯ ತಾಯಿ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ನಡೆಯಲು ಆರಂಭಿಸಿದಾಗ ಎಡಗಡೆಗೆ ವಾಲಿ, ಕಾಲನ್ನು ಸ್ವಲ್ಪ ಎಳೆದು ಹೆಜ್ಜೆ ಇಡುತ್ತಿದ್ದಳು. ಹೊಸದಾಗಿ ನಡೆಯುವ ಮಕ್ಕಳೆಲ್ಲ ತೂರಾಡುತ್ತವೆ ಎಂದುಕೊಂಡು ನಾವು ಒಂದು ತಿಂಗಳು ಸುಮ್ಮನಿದ್ದೆವು. ಎಕ್ಸ್‌ರೇ ತೆಗೆಸಿದ ಮೇಲೆ, ಎಡ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಗುಂಡು ತನ್ನ ಬಟ್ಟಲಿನೊಳಗೆ ಕೂತೇ ಇಲ್ಲ ಎಂದು ತಿಳಿಯಿತು. ಒಂಬತ್ತು ದಿನಗಳ ಹಿಂದೆ ಅರಿವಳಿಕೆ ಕೊಟ್ಟು ಗುಂಡನ್ನು ಅದರ ಜಾಗಕ್ಕೆ ಕೂರಿಸಿ, ಎದೆಯ ಕೆಳಗಿನಿಂದ ಎರಡೂ ಕಣಕಾಲುಗಳವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಕಾಲುಗಳು ಕಪ್ಪೆ ಕೂತ ಹಾಗೆ ಅಗಲವಾಗಿವೆ, ನಡುವೆ ಒಂದು ಅಡ್ಡಕೋಲು ಇದೆ. ಆರು ವಾರಕ್ಕೆ ಒಮ್ಮೆ ಬದಲಿಸಿ, ಒಟ್ಟು 12 ವಾರ ಇರಬೇಕಂತೆ.

ಬಿಡುಗಡೆಯ ದಿನ ಆಸ್ಪತ್ರೆಯಲ್ಲಿ ಬಹಳ ನೂಕುನುಗ್ಗಲಿತ್ತು. "ಒದ್ದೆ ಮಾಡಬೇಡಿ, ಜೋಪಾನ" ಎಂಬ ಎರಡು ಮಾತಿಗಿಂತ ಹೆಚ್ಚೇನನ್ನೂ ನಮಗೆ ಹೇಳಿ ಕಳುಹಿಸಲಿಲ್ಲ. ಆದರೆ ಡೈಪರ್ ಹಾಕುವ ಮಗುವಿನ ಪ್ಲಾಸ್ಟರ್ ಒದ್ದೆಯಾಗದಂತೆ ನೋಡಿಕೊಳ್ಳುವುದು ಹೇಗೆಂದು ಯಾರಾದರೂ ತೋರಿಸಿಕೊಡಬೇಕಿತ್ತು. ಹಿಂಬದಿಯ ಅಂಚು ಈಗಾಗಲೇ ಎರಡು ಬಾರಿ ನೆನೆದು, ಮೆತ್ತಗಾಗಿ, ಸಣ್ಣಗೆ ವಾಸನೆ ಬರುತ್ತಿದೆ. ಹೊರಗೆ ಹಗಲು ರಾತ್ರಿ ಮಳೆ, ಕರೆಂಟು ಬಂದು ಹೋಗುತ್ತದೆ. ಅತ್ತೆಯವರು ಕೆಂಡದ ಮೇಲೆ ಬುಟ್ಟಿ ಕವುಚಿ ಮಗುವಿನ ಬಟ್ಟೆ ಒಣಗಿಸುವಂತೆ, ಸಾಂಬ್ರಾಣಿ ಹೊಗೆ ಕೊಟ್ಟು ಪ್ಲಾಸ್ಟರನ್ನೂ ಒಣಗಿಸೋಣ ಎನ್ನುತ್ತಿದ್ದಾರೆ. ಇದರ ನಡುವೆ ನೋಡಲು ಬಂದ ನೆಂಟರಲ್ಲಿ ಒಬ್ಬರು, ನಾನು ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಓಡಾಡಿದ್ದರಿಂದಲೇ ಹೀಗಾಯಿತು ಎಂದು ಮಗುವಿನ ಮುಂದೆಯೇ ಹೇಳಿ ಹೋದರು. ದಯವಿಟ್ಟು ಅನುಭವವಿರುವವರು ಏನಾದರೂ ತಿಳಿಸಿ.

ಕೋಲಾರದ ಅಪ್ಪ
ತಾಯೀ, ಗ್ರಹಣದ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡಿ. ನನ್ನ ಮಗ ಮೂರು ವರ್ಷದವನಿದ್ದಾಗ ಜಗಲಿಯಿಂದ ಬಿದ್ದು ತೊಡೆಮೂಳೆ ಮುರಿದುಕೊಂಡ. ಅವನಿಗೂ ಸೊಂಟ, ಕಾಲುಗಳನ್ನು ಅಲುಗದಂತೆ ಹಿಡಿದಿಡುವ ಇದೇ ಪ್ಲಾಸ್ಟರನ್ನು (ಇದಕ್ಕೆ ಸ್ಪೈಕಾ ಎನ್ನುತ್ತಾರೆ) ಆರು ವಾರ ಹಾಕಿದ್ದರು. ಮೊದಲ ವಾರವೇ ಎಲ್ಲಕ್ಕಿಂತ ಕಷ್ಟದ್ದು. ಎರಡನೆಯ ವಾರದಿಂದ ಮಗು ಹೊಂದಿಕೊಳ್ಳುತ್ತದೆ, ನಾವು ಹೊಂದಿಕೊಳ್ಳಲು ಇನ್ನೂ ಒಂದು ವಾರ ಬೇಕಾಗುತ್ತದೆ.

ಒಂದು ವಿಷಯ ಕೇಳುತ್ತೇನೆ. ನಿಮಗೆ ಹಾಕಿರುವುದು ಬಿಳಿಯ ಸುಣ್ಣದಂಥ ಪ್ಲಾಸ್ಟರೋ, ಫೈಬರ್‌ಗ್ಲಾಸಿನದೋ? ಫೈಬರ್ ಆಗಿದ್ದರೆ ನೀರು ತಾಕಿದರೂ ಚಿಂತೆಯಿಲ್ಲ.

ಮಕ್ಕಳ ವಾರ್ಡಿನ ನರ್ಸ್, ಮಂಗಳೂರು
ಕೋಲಾರದ ಅಣ್ಣನವರ ಕೊನೆಯ ಮಾತನ್ನು ತಿದ್ದಲೇಬೇಕಾಗಿದೆ, ಏಕೆಂದರೆ ಇದೊಂದು ತಪ್ಪು ತಿಳಿವಳಿಕೆಯಿಂದ ಚರ್ಮ ಕೆಟ್ಟು ಬರುವ ಮಕ್ಕಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಫೈಬರ್‌ಗ್ಲಾಸಿನ ಹೊರಚಿಪ್ಪು ನೀರಿಗೆ ಕರಗುವುದಿಲ್ಲ, ನಿಜ. ಆದರೆ ಅದರೊಳಗೆ ಚರ್ಮಕ್ಕೆ ತಾಗಿಕೊಂಡು ಸುತ್ತಿರುವುದು ಸಾಮಾನ್ಯವಾಗಿ ಹತ್ತಿಯಂಥ ಮೆತ್ತೆಯೇ. ಆ ಮೆತ್ತೆ ಮೂತ್ರ ಕುಡಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ, ಒಳಗೆ ಚರ್ಮ ಬೆಂದು ಸುಲಿಯುತ್ತದೆ. ಬಿಳಿಯ ಪ್ಲಾಸ್ಟರ್ ಆಫ್ ಪ್ಯಾರಿಸ್ ಪೂರ್ತಿ ಒಣಗಲು ಎರಡು ಮೂರು ದಿನ ಬೇಕು, ತೂಕವೂ ಹೆಚ್ಚು. ಆದರೆ ಅದನ್ನು ಮಗುವಿನ ಮೈಗೆ ಸರಿಯಾಗಿ ಒತ್ತಿ ರೂಪಿಸಬಹುದು ಎಂಬ ಕಾರಣಕ್ಕೆ, ಸೊಂಟದ ಕೀಲಿನ ಚಿಕಿತ್ಸೆಯಲ್ಲಿ ಅನೇಕ ವೈದ್ಯರು ಈಗಲೂ ಅದನ್ನೇ ಬಳಸುತ್ತಾರೆ. ಹಳೆಯದು ಎಂದರೆ ಕೀಳು ಎಂದೇನೂ ಅಲ್ಲ.

ತೀರ್ಥಹಳ್ಳಿಯ ತಂಗಿ, ಡೈಪರಿನ ಕ್ರಮವನ್ನು ನಿಧಾನವಾಗಿ ಹೇಳುತ್ತೇನೆ. ಮಗುವಿನ ಅಳತೆಗಿಂತ ಚಿಕ್ಕ ಡೈಪರ್ ಒಂದನ್ನು ತೆಗೆದುಕೊಂಡು, ಬದಿಯ ಅಂಟುಪಟ್ಟಿಗಳನ್ನು ಕತ್ತರಿಸಿ, ಪ್ಲಾಸ್ಟರಿನಲ್ಲಿ ಬಿಟ್ಟಿರುವ ಕಿಂಡಿಯ ಅಂಚುಗಳ ಒಳಗೆ ಮುಂದೆ, ಹಿಂದೆ, ಬದಿಗಳಲ್ಲಿ ಎಲ್ಲೂ ಸುಕ್ಕಿಲ್ಲದಂತೆ ತೂರಿಸಬೇಕು. ಬೇಕಿದ್ದರೆ ಅದರೊಳಗೆ ಸ್ಯಾನಿಟರಿ ಪ್ಯಾಡ್ ಒಂದನ್ನು ಇಡಬಹುದು. ಅದರ ಮೇಲೆ, ಪ್ಲಾಸ್ಟರಿನ ಹೊರಗಿನಿಂದ, ಎರಡು ಮೂರು ಅಳತೆ ದೊಡ್ಡದಾದ ಇನ್ನೊಂದು ಡೈಪರನ್ನು ಕಟ್ಟಿ ಒಳಗಿನದು ಜಾರದಂತೆ ಹಿಡಿದಿಡಬೇಕು. ಹೊರಗಿನ ಡೈಪರ್ ಒದ್ದೆಯಾಯಿತು ಎಂದರೆ ನಾವು ತಡಮಾಡಿದ್ದೇವೆ ಎಂದೇ ಅರ್ಥ. ಹಗಲಿನಲ್ಲಿ ಎರಡು ಗಂಟೆಗೊಮ್ಮೆ, ರಾತ್ರಿ ಮೂರು ನಾಲ್ಕು ಗಂಟೆಗೊಮ್ಮೆ ನೋಡಬೇಕು. ಮಲ ಹೋದ ತಕ್ಷಣ ಬದಲಿಸಬೇಕು.

ಮಲಗಿಸುವಾಗ ತಲೆಯ ಕಡೆ ಎತ್ತರವಾಗಿ, ಕಾಲಿನ ಕಡೆ ಇಳಿಜಾರಾಗಿ ಇರಲಿ. ಬರೀ ತಲೆಗೆ ದಿಂಬು ಕೊಟ್ಟರೆ ಪ್ಲಾಸ್ಟರಿನ ಮೇಲಂಚು ಎದೆಗೆ ಒತ್ತುತ್ತದೆ. ಹಾಸಿಗೆಯ ಕೆಳಗೇ ಏನಾದರೂ ಇಟ್ಟು ಇಡೀ ಹಾಸಿಗೆಯನ್ನು ಓರೆ ಮಾಡಿದರೆ ಮೂತ್ರ ಬೆನ್ನಿನ ಕಡೆಗೆ ಹರಿಯದೆ ಡೈಪರಿನ ಕಡೆಗೆ ಇಳಿಯುತ್ತದೆ. ನಿಮಗೆ ಹಿಂಬದಿಯ ಅಂಚೇ ನೆನೆಯುತ್ತಿದೆ ಎಂದರೆ, ಮಗು ಸಮತಟ್ಟಾಗಿ ಅಂಗಾತ ಮಲಗುತ್ತಿದ್ದಾಳೆ ಎಂದು ನನ್ನ ಊಹೆ.

ಈಗಾಗಲೇ ಮೆತ್ತಗಾಗಿ ವಾಸನೆ ಬರುತ್ತಿರುವ ಅಂಚನ್ನು ಮಾತ್ರ ಮನೆಯಲ್ಲಿ ಇಟ್ಟುಕೊಂಡು ಯೋಚಿಸುತ್ತ ಕೂರಬೇಡಿ. ನಾಳೆಯೇ ತೋರಿಸಿ.

ಬೆಂಗಳೂರಿನ ಓದುಗ
ವಾಸನೆಗೆ ಬೇಬಿ ಪೌಡರ್ ಉದುರಿಸಿದರೆ ಸಾಕು. ನನ್ನ ಅಕ್ಕನ ಮಗನಿಗೆ ಕೈಗೆ ಪ್ಲಾಸ್ಟರ್ ಹಾಕಿದ್ದಾಗ ಹಾಗೆಯೇ ಮಾಡಿದ್ದೆವು. ತುರಿಕೆಗೆ ಸ್ವೆಟರ್ ಹೆಣೆಯುವ ಕಡ್ಡಿ ಬಹಳ ಉಪಯುಕ್ತ.

ಮಕ್ಕಳ ವಾರ್ಡಿನ ನರ್ಸ್, ಮಂಗಳೂರು
ದಯವಿಟ್ಟು ಎರಡನ್ನೂ ಮಾಡಬೇಡಿ. ಬೆವರು, ಮೂತ್ರ ತಾಗಿದ ಪೌಡರ್ ಹಿಟ್ಟಿನಂತೆ ಗಂಟುಕಟ್ಟಿ ಚರ್ಮವನ್ನು ಉಜ್ಜುತ್ತದೆ. ಎಣ್ಣೆ, ಕ್ರೀಮು ಯಾವುದನ್ನೂ ಒಳಗೆ ಹಾಕಬಾರದು. ಕಡ್ಡಿಯಿಂದ ಕೆರೆದರೆ ಆಗುವ ಗಾಯ ಯಾರ ಕಣ್ಣಿಗೂ ಬೀಳದೆ ಕೀವು ತುಂಬುತ್ತದೆ. ಕೈಯ ಪ್ಲಾಸ್ಟರಿಗೂ ಇದಕ್ಕೂ ಹೋಲಿಕೆಯೇ ಇಲ್ಲ, ಇಲ್ಲಿ ಮಗುವಿನ ಅರ್ಧ ದೇಹ ಒಳಗಿದೆ. ತುರಿಕೆಯಾದರೆ ಹೊರಗಿನಿಂದ ಬೆರಳಿನಲ್ಲಿ ತಟ್ಟಿ, ಹೇರ್ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಗೆ ಇಟ್ಟು ಅಂಚಿನಿಂದ ಊದಿಸಿ. ಬಿಸಿಗಾಳಿ ಬೇಡ.

ಕೆಂಡದ ವಿಚಾರಕ್ಕೂ ಇದೇ ಉತ್ತರ. ಕಾವು ತಾಗಿದ ಪ್ಲಾಸ್ಟರಿನ ಹೊರಮೈ ಗಟ್ಟಿಯಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಒಳಗಿನ ಚರ್ಮ ಸುಟ್ಟರೂ ಮಾತು ಬಾರದ ಮಗು ಅಳುವುದನ್ನು ಬಿಟ್ಟು ಬೇರೇನೂ ಹೇಳಲಾರದು. ಸಾಂಬ್ರಾಣಿ ಹೊಗೆ ಹಸುಗೂಸಿನ ಉಸಿರಿಗೂ ಒಳ್ಳೆಯದಲ್ಲ. ಫ್ಯಾನ್ ಗಾಳಿ ಸಾಕು. ಕರೆಂಟಿಲ್ಲದಾಗ ಬೀಸಣಿಗೆ ಹಿಡಿದು ಕೂರುವ ಕೆಲಸವನ್ನು ನಿಮ್ಮ ಅತ್ತೆಯವರಿಗೆ ಒಪ್ಪಿಸಿ. ಅವರಿಗೂ ಮೊಮ್ಮಗಳಿಗಾಗಿ ಏನಾದರೂ ಮಾಡಬೇಕೆಂಬ ತಹತಹ ಇರುತ್ತದೆ, ಅದಕ್ಕೊಂದು ದಾರಿ ಬೇಕು.

ಧಾರವಾಡದ ಅಜ್ಜಿ
ನಾನು ಐದು ಮಕ್ಕಳನ್ನು, ಏಳು ಮೊಮ್ಮಕ್ಕಳನ್ನು ಎರೆದು ಬೆಳೆಸಿದವಳು. ಎಲ್ಲ ಕೂಸುಗಳನ್ನೂ ಎರೆದ ಮೇಲೆ ಕಾಲು ನೀಟಾಗಿ ಚಾಚಿ, ಬಿಗಿಯಾಗಿ ಬಟ್ಟೆ ಸುತ್ತಿ ಮಲಗಿಸಿದ್ದೇವೆ. ಯಾವ ಕೂಸಿಗೂ ಕೀಲು ಜಾರಲಿಲ್ಲ. ಈಗಿನವರು ಎರೆಯುವವರನ್ನು ಕರೆಸುವುದಿಲ್ಲ, ನೀವುವುದಿಲ್ಲ, ಹೀಗಾಗಿಯೇ ಎಲುಬು ಗಟ್ಟಿಯಾಗುವುದಿಲ್ಲ ಎಂದು ನನ್ನ ಅಭಿಪ್ರಾಯ. ತಪ್ಪು ತಿಳಿಯಬೇಡ ಮಗಳೇ, ನಿನ್ನನ್ನು ಬೈಯುತ್ತಿಲ್ಲ.

ಕೌದಿಯ ವಿಷಯ ಹೇಳುತ್ತೇನೆ, ಅದು ನಿನಗೆ ಉಪಯೋಗವಾದೀತು. ಹಳೆಯ ಸೀರೆಗಳ ಮೆತ್ತನೆಯ ಕೌದಿಯನ್ನು ಸುರುಳಿ ಮಾಡಿ ಪ್ಲಾಸ್ಟರಿನ ಕೆಳಗೆ, ಮೊಣಕಾಲಿನ ಸಂದಿಗೆ ಕೊಡು. ಹಿಮ್ಮಡಿ ನೆಲಕ್ಕೆ ಒತ್ತಬಾರದು.

ಫಿಸಿಯೋಥೆರಪಿಸ್ಟ್, ಮೈಸೂರು
ಅಜ್ಜಿಯವರ ಕೌದಿಯ ಸಲಹೆ ನೂರಕ್ಕೆ ನೂರು ಸರಿ. ಹಿಮ್ಮಡಿಯನ್ನು ತೇಲಿಸಿಡಬೇಕೆಂದು ನಾವೂ ಹೇಳುತ್ತೇವೆ. ಆದರೆ ಬಟ್ಟೆ ಸುತ್ತುವ ವಿಷಯದಲ್ಲಿ ನಾನು ಅವರನ್ನು ವಿನಯದಿಂದಲೇ ವಿರೋಧಿಸಬೇಕಾಗಿದೆ.

ಹುಟ್ಟಿದ ಮಗುವಿನ ಸೊಂಟದ ಬಟ್ಟಲು ಇನ್ನೂ ಆಳವಾಗಿರುವುದಿಲ್ಲ. ತೊಡೆಮೂಳೆಯ ಗುಂಡು ಅದರೊಳಗೆ ಕೂತು ಒತ್ತುತ್ತಿದ್ದರೆ ಮಾತ್ರ ಅದು ದುಂಡಾಗಿ ಬೆಳೆಯುತ್ತದೆ. ಕಾಲುಗಳು ಮಡಚಿ ಅಗಲವಾಗಿದ್ದಾಗ ಗುಂಡು ಒಳಗೆ ಕೂರುತ್ತದೆ. ಕಾಲುಗಳನ್ನು ನೇರವಾಗಿ ಎಳೆದು ಜೋಡಿಸಿ ಬಿಗಿದರೆ ಹೊರಕ್ಕೆ ಸರಿಯಲು ದಾರಿಯಾಗುತ್ತದೆ. ಜಪಾನಿನಲ್ಲಿ 1970ರ ದಶಕದ ಮಧ್ಯದಲ್ಲಿ, ಹಸುಗೂಸುಗಳ ಕಾಲನ್ನು ಚಾಚಿ ಸುತ್ತಬೇಡಿ ಎಂದು ಅಜ್ಜಿಯಂದಿರನ್ನೂ ತಾಯಂದಿರನ್ನೂ ಉದ್ದೇಶಿಸಿ ದೊಡ್ಡ ಪ್ರಚಾರ ಮಾಡಿದರು. ಅದರ ನಂತರ ಅಲ್ಲಿ ಈ ತೊಂದರೆ ಬಹಳ ಇಳಿಯಿತು. ನಮ್ಮಲ್ಲಿ ಮಗುವನ್ನು ಸೊಂಟದ ಮೇಲೆ ಕಾಲು ಅಗಲಿಸಿ ಎತ್ತಿಕೊಳ್ಳುವ ಪದ್ಧತಿ ಇದೆಯಲ್ಲ, ಅದು ಕೀಲಿಗೆ ಒಳ್ಳೆಯದು. ಇವಳಿಗೆ ಪ್ಲಾಸ್ಟರಿನಲ್ಲಿ ಕಾಲುಗಳನ್ನು ಹೆಚ್ಚುಕಡಿಮೆ ಅದೇ ಭಂಗಿಯಲ್ಲಿ ಹಿಡಿದಿಟ್ಟಿದ್ದಾರೆ.

ಐದು ಮಕ್ಕಳಲ್ಲಿ ಯಾರಿಗೂ ಆಗಲಿಲ್ಲ ಎಂಬುದು ಸಂತೋಷದ ವಿಷಯ, ಆದರೆ ಅದರಿಂದ ಪದ್ಧತಿ ಸರಿ ಎಂದು ಸಿದ್ಧವಾಗುವುದಿಲ್ಲ. ಹುಡುಗಿಯರಲ್ಲಿ ಇದು ಹುಡುಗರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಚೊಚ್ಚಲ ಮಗು, ಗರ್ಭದಲ್ಲಿ ತಲೆ ಮೇಲಾಗಿ ಕೂತಿದ್ದ ಮಗು, ಮನೆತನದಲ್ಲಿ ಯಾರಿಗಾದರೂ ಇದ್ದದ್ದು, ಇವೆಲ್ಲ ಇದರ ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಎಡ ಸೊಂಟದಲ್ಲಿಯೇ ಹೆಚ್ಚು. ಗ್ರಹಣ ಇದರಲ್ಲಿ ಎಲ್ಲೂ ಬರುವುದಿಲ್ಲ. ತಾಯಿ ನೀವಲಿಲ್ಲ ಎಂಬುದೂ ಬರುವುದಿಲ್ಲ.

ತೀರ್ಥಹಳ್ಳಿಯ ತಾಯಿ
ನನ್ನ ಮಗಳು ಚೊಚ್ಚಲು. ಒಂಬತ್ತನೆಯ ತಿಂಗಳಿನಲ್ಲಿಯೂ ತಲೆ ಮೇಲೆಯೇ ಇದ್ದುದರಿಂದ ಸಿಸೇರಿಯನ್ ಆಯಿತು. ಇದನ್ನು ಯಾರೂ ನನಗೆ ಈವರೆಗೆ ಹೇಳಿರಲಿಲ್ಲ. ನಿಮ್ಮ ಬರಹವನ್ನು ಅತ್ತೆಯವರಿಗೆ ಓದಿ ಹೇಳಿದೆ, ಅವರು ಬಹಳ ಹೊತ್ತು ಮಾತಾಡಲಿಲ್ಲ. ಸಂಜೆ ಬೀಸಣಿಗೆ ಹಿಡಿದು ಮಗುವಿನ ಪಕ್ಕ ಕೂತರು.

ಬರ್ಮಿಂಗ್‌ಹ್ಯಾಮಿನ ಕನ್ನಡಿಗ
ಇಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ 72 ಗಂಟೆಗಳೊಳಗೆ ಪ್ರತಿ ಮಗುವಿನ ಸೊಂಟವನ್ನು ಪರೀಕ್ಷಿಸುತ್ತಾರೆ, ಆರರಿಂದ ಎಂಟು ವಾರದೊಳಗೆ ಮತ್ತೊಮ್ಮೆ ನೋಡುತ್ತಾರೆ. ನಮ್ಮ ಎರಡನೆಯ ಮಗಳೂ ತಲೆ ಮೇಲಾಗಿಯೇ ಇದ್ದುದರಿಂದ ಅವಳಿಗೆ ಅಲ್ಟ್ರಾಸೌಂಡ್ ಮಾಡಿದರು. ಆ ವಯಸ್ಸಿನಲ್ಲಿ ಗುಂಡು ಇನ್ನೂ ಮೃದ್ವಸ್ಥಿಯಾಗಿರುವುದರಿಂದ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲವಂತೆ. ಏಳನೆಯ ವಾರದಲ್ಲಿ ಕಾಲುಗಳನ್ನು ಮಡಚಿ ಅಗಲವಾಗಿ ಹಿಡಿದಿಡುವ, ಬಟ್ಟೆಯ ಪಟ್ಟಿಗಳಿರುವ ಪಾವ್ಲಿಕ್ ಹಾರ್ನೆಸ್ ಹಾಕಿದರು, ಪ್ಲಾಸ್ಟರಿನ ಅಗತ್ಯವೇ ಬರಲಿಲ್ಲ. ನಮ್ಮ ದೇಶದಲ್ಲಿ ಇದನ್ನು ಯಾರೂ ನೋಡುವುದೇ ಇಲ್ಲವೆಂಬುದು ದುಃಖದ ಸಂಗತಿ.

ಆಶಾ ಕಾರ್ಯಕರ್ತೆ, ರಾಯಚೂರು ಜಿಲ್ಲೆ
"ಯಾರೂ ನೋಡುವುದೇ ಇಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಸರ್. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬರುವ ತೊಂದರೆಗಳ ಪಟ್ಟಿಯಲ್ಲಿ ಸೀಳುತುಟಿ, ಸೊಟ್ಟಪಾದಗಳ ಜೊತೆಗೆ ಸೊಂಟದ ಕೀಲಿನ ಈ ತೊಂದರೆಯೂ ಇದೆ. ಹೆರಿಗೆಯಾದ ಆಸ್ಪತ್ರೆಯಲ್ಲಿ ಮಗುವನ್ನು ನೋಡಬೇಕು, ಆ ಮೇಲೆ ಸಂಚಾರಿ ತಂಡದವರು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ನೋಡಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ನಾವು 42 ದಿನಗಳೊಳಗೆ ಆರು ಸಲ ಹೋಗುತ್ತೇವೆ. ಕೀಲು ಪರೀಕ್ಷಿಸುವುದು ನಮ್ಮ ಕೆಲಸವಲ್ಲ. ಆದರೆ ತೊಡೆಯ ಮಡಿಕೆಗಳು ಎರಡೂ ಕಡೆ ಒಂದೇ ತೆರನಾಗಿಲ್ಲ, ಲಂಗೋಟಿ ಕಟ್ಟುವಾಗ ಒಂದು ಕಾಲು ಸರಿಯಾಗಿ ಅಗಲವಾಗುವುದಿಲ್ಲ ಎಂದು ತಾಯಿ ಹೇಳಿದರೆ ವೈದ್ಯರ ಬಳಿಗೆ ಕಳುಹಿಸುತ್ತೇವೆ. ವ್ಯವಸ್ಥೆ ಎಲ್ಲ ಕಡೆಯೂ ಒಂದೇ ಸಮನಾಗಿ ನಡೆಯುತ್ತಿಲ್ಲ ಎಂದು ಹೇಳಿದರೆ ಒಪ್ಪುತ್ತೇನೆ, ಇಲ್ಲವೇ ಇಲ್ಲ ಎಂದರೆ ಒಪ್ಪಲಾರೆ.

ತೀರ್ಥಹಳ್ಳಿಯ ಅಕ್ಕ, ಖರ್ಚಿನ ವಿಷಯ ನೀವು ಬರೆದಿಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಪ್ಲಾಸ್ಟರ್ ಬದಲಿಸುವ ಮೊದಲೇ ಡಿಸ್ಚಾರ್ಜ್ ಸಮರಿಯನ್ನು ಹಿಡಿದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ.

ಬರ್ಮಿಂಗ್‌ಹ್ಯಾಮಿನ ಕನ್ನಡಿಗ
ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ತಾಯೀ. ಇಲ್ಲಿಯೂ ಪರೀಕ್ಷೆಯಲ್ಲಿ ತಪ್ಪಿ, ನಡೆಯುವ ವಯಸ್ಸಿಗೆ ಪತ್ತೆಯಾಗುವ ಮಕ್ಕಳು ಇದ್ದಾರೆ.

ಹಾಸನದ ಅಕ್ಕ
ನನ್ನ ಮಗಳಿಗೆ 18 ತಿಂಗಳಾಗಿದ್ದಾಗ ಇದೇ ಚಿಕಿತ್ಸೆ ಆಯಿತು. ಈಗ ಅವಳು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾಳೆ, ಲಗೋರಿ ಆಡುತ್ತಾಳೆ. ಇಲ್ಲಿ ಯಾರೂ ಹೇಳದ ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದು ಉಡುಪು. ಅಂಗಡಿಯ ಚಡ್ಡಿಗಳು ಯಾವುದೂ ಏರುವುದಿಲ್ಲ. ಎರಡು ಅಳತೆ ದೊಡ್ಡ ಫ್ರಾಕುಗಳನ್ನು ತಂದು, ಹಿಂಬದಿಯನ್ನು ಪೂರ್ತಿ ಸೀಳಿಸಿ, ಲಾಡಿ ಹಾಕಿಸಿಕೊಂಡೆ. ಆರು ಜೊತೆ ಇದ್ದರೆ ನಿಮ್ಮ ಮಳೆಯಲ್ಲೂ ಸುಧಾರಿಸಬಹುದು. ಎರಡನೆಯದು ಊಟ. ಹಾಲು ಕುಡಿಸುವಾಗ, ರಾಗಿ ಸರಿ ತಿನ್ನಿಸುವಾಗ ಅಂಗಾತ ಮಲಗಿಸಿ ಕೊಡಬೇಡಿ, ನೆತ್ತಿಗೆ ಹತ್ತುತ್ತದೆ. ನಿಮ್ಮ ಒಂದು ತೊಡೆಯ ಮೇಲೆ ಆಚೀಚೆ ಕಾಲು ಬರುವಂತೆ ಕೂರಿಸಿಕೊಂಡು ಬೆನ್ನಿಗೆ ಕೈಕೊಡಿ. ಎದೆಹಾಲು ಇನ್ನೂ ಇದ್ದರೆ ಹೀಗೆಯೇ ಎದುರಿಗೆ ಕೂರಿಸಿಕೊಂಡು ಕುಡಿಸಬಹುದು. ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಷ್ಟು ಕೊಟ್ಟರೆ ಪ್ಲಾಸ್ಟರಿನೊಳಗೆ ಹೊಟ್ಟೆಗೆ ಜಾಗವಿರುವುದಿಲ್ಲ, ಸ್ವಲ್ಪ ಸ್ವಲ್ಪವಾಗಿ ಆರು ಸಲ ಕೊಡಿ. ಓಡಾಟವಿಲ್ಲದೆ ಮಲ ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲಿ ಒಣದ್ರಾಕ್ಷಿ ನೆನೆಸಿದ ನೀರು, ಪಪ್ಪಾಯಿ ಕೈಹಿಡಿದವು.

ಮೂರನೆಯದು ನೀವು. ನಿಮ್ಮ ಪತ್ರದಲ್ಲಿ ಮಗುವಿನ ತಂದೆಯ ಹೆಸರೇ ಬಂದಿಲ್ಲವಲ್ಲ? ಮಗುವಿನ ತೂಕದ ಮೇಲೆ ಪ್ಲಾಸ್ಟರಿನ ತೂಕ ಸೇರಿದೆ. ರಾತ್ರಿ ಮೂರು ಸಲ ಎದ್ದು, ಹಗಲು ಹತ್ತು ಸಲ ಎತ್ತಿ, 12 ವಾರ ಒಬ್ಬರೇ ನಡೆಸಲು ಸಾಧ್ಯವಿಲ್ಲ. ನನ್ನ ಬೆನ್ನು ಐದನೆಯ ವಾರಕ್ಕೆ ಹಿಡಿದುಕೊಂಡು, ಎರಡು ದಿನ ನಾನೇ ಮಗುವಿನ ಪಕ್ಕ ಮಲಗಿದ್ದೆ.

ಬೆಂಗಳೂರಿನ ಓದುಗ
ಮೂರು ತಿಂಗಳಿನ ಪ್ರಶ್ನೆ ತಾನೇ? ತಾಯಿಯಾದವಳು ಕೆಲಸ ಬಿಟ್ಟು ಮನೆಯಲ್ಲಿದ್ದರೆ ಎಲ್ಲ ಸರಿಹೋಗುತ್ತದೆ.

ಹಾಸನದ ಅಕ್ಕ
ಅವರು ಕೆಲಸಕ್ಕೆ ಹೋಗುತ್ತಾರೋ ಇಲ್ಲವೋ ಎಂದು ಅವರು ಬರೆದೇ ಇಲ್ಲ. ನೀವು ಬಿಡಿಸಿಯೂ ಆಯಿತು. ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ತಾಯಂದಿರಿಗೆ 2021ರಿಂದ ಆರು ತಿಂಗಳ ಶಿಶುಪಾಲನಾ ರಜೆ ಇದೆ, ನಾನು ಅದರಿಂದ ಹೊರಗಿದ್ದವಳು. ಖಾಸಗಿ ಶಾಲೆಯ ಶಿಕ್ಷಕಿಗೆ ಅಂಥದ್ದೇನೂ ಇರಲಿಲ್ಲ. ಸಂಬಳವಿಲ್ಲದ ರಜೆಯಲ್ಲಿ ಡೈಪರಿಗೆ ದುಡ್ಡು ಎಲ್ಲಿಂದ ತರುವುದು ಎಂದು ಲೆಕ್ಕ ಹಾಕುತ್ತ ಕೂತ ರಾತ್ರಿಗಳು ನನಗೆ ಇನ್ನೂ ಮರೆತಿಲ್ಲ. ಮನೆಯಲ್ಲಿದ್ದರೂ ತಾಯಿ ನಿದ್ದೆ ಮಾಡಬೇಕು, ಸರ್.

ಕೋಲಾರದ ಅಪ್ಪ
ಅಕ್ಕ ಹೇಳಿದ್ದು ನಿಜ. ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಹೊರಳಿಸುವುದು, ಬಟ್ಟೆ ಬದಲಿಸುವುದು ನನ್ನ ಪಾಲು. ಮೊದಲ ರಾತ್ರಿ ಕೈ ನಡುಗಿತು. ತೊಡೆಯ ಸ್ನಾಯು ಸೆಟೆದುಕೊಂಡು ಮಗು ನಿದ್ದೆಯಲ್ಲೇ ಬೆಚ್ಚಿ ಕಿರುಚುತ್ತಿದ್ದ, ಅದನ್ನು ಕೇಳಿದರೆ ಕರುಳು ಕಿತ್ತು ಬಂದಂತಾಗುತ್ತಿತ್ತು. ನಾಲ್ಕೈದು ದಿನಕ್ಕೆ ಅದು ತಾನಾಗಿ ಕಡಿಮೆಯಾಯಿತು.

ಇನ್ನೊಂದು ವಿಷಯವನ್ನು ಯಾರೂ ಎತ್ತಿಲ್ಲ: ಇರುವೆ. ಹಾಲಿನ ಹನಿ, ಬಿಸ್ಕತ್ತಿನ ಪುಡಿ ಪ್ಲಾಸ್ಟರಿನ ಮೇಲಂಚಿನಿಂದ ಒಳಗೆ ಬಿದ್ದರೆ ಇರುವೆಗಳು ಸಾಲುಗಟ್ಟುತ್ತವೆ. ನಮ್ಮ ಹುಡುಗ ಒಂದು ಮಧ್ಯಾಹ್ನ ಯಾವ ಸಮಾಧಾನಕ್ಕೂ ಬಗ್ಗದೆ ಅತ್ತ. ಟಾರ್ಚ್ ಹಾಕಿ ನೋಡಿದರೆ ಬೆನ್ನಿನ ಕಡೆ ಇರುವೆ ಹರಿಯುತ್ತಿತ್ತು. ಅಂದಿನಿಂದ ತಿನ್ನಿಸುವಾಗ ಕುತ್ತಿಗೆಯಿಂದ ಹೊಟ್ಟೆಯವರೆಗೆ ಟವೆಲ್ ಸುತ್ತಿ, ಮೇಲಂಚಿಗೆ ಸಿಕ್ಕಿಸುತ್ತಿದ್ದೆವು. ಮಂಚದ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ಇಟ್ಟಿದ್ದೆವು. ಹಾಗೆಯೇ ಅವನ ಅಕ್ಕ ಆಟವಾಡುತ್ತ ಒಂದು ಗೋಲಿಯನ್ನು ಒಳಗೆ ಬಿಟ್ಟಳು. ಅದು ಸೊಂಟದ ಹತ್ತಿರ ಸಿಕ್ಕಿಕೊಂಡು, ಆಸ್ಪತ್ರೆಗೆ ಹೋಗಿ ಅಲ್ಲಿ ಪ್ಲಾಸ್ಟರನ್ನು ಚೌಕವಾಗಿ ಕೊರೆಸಿ ತೆಗೆಸಬೇಕಾಯಿತು. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಮಣಿ, ಗೋಲಿ, ನಾಣ್ಯಗಳನ್ನು ಮೇಲಕ್ಕೆ ಎತ್ತಿಡಿ.

ಧಾರವಾಡದ ಅಜ್ಜಿ
ಇರುವೆಯ ವಿಷಯ ಓದಿ ಕಣ್ಣಲ್ಲಿ ನೀರು ಬಂತು. ಸಾಲು ಬರುವ ಕಡೆ ನೆಲಕ್ಕೆ ಅರಿಶಿನದ ಪುಡಿ ಹಾಕಿರಿ, ಕೂಸಿನ ಮೈಗೆ ಅಲ್ಲ.

ಮೈಸೂರಿನ ಡಾಕ್ಟರಮ್ಮ ಬರೆದದ್ದನ್ನು ಎರಡು ಸಲ ಓದಿದೆ. ನನ್ನ ಸೊಸೆಗೆ ಬರುವ ತಿಂಗಳು ಹೆರಿಗೆ ಇದೆ. ಹಾಗಾದರೆ ಕೂಸಿಗೆ ಬಟ್ಟೆ ಸುತ್ತಲೇಬಾರದೇನು? ಚಳಿಗೆ ಏನು ಮಾಡಬೇಕು?

ಫಿಸಿಯೋಥೆರಪಿಸ್ಟ್, ಮೈಸೂರು
ಸುತ್ತಬಹುದು, ಅಮ್ಮ. ಕೈ, ಎದೆಯ ಭಾಗವನ್ನು ಬೆಚ್ಚಗೆ ಸುತ್ತಿ, ಸೊಂಟದಿಂದ ಕೆಳಗೆ ಚೀಲದಂತೆ ಸಡಿಲವಾಗಿ ಬಿಡಿ. ಮಗು ಒಳಗೆ ಮೊಣಕಾಲು ಮಡಚಿ, ಅಗಲಿಸಿ, ಒದೆಯುವಂತಿರಬೇಕು. ಎಣ್ಣೆ ಹಚ್ಚುವುದಕ್ಕೂ ಅಡ್ಡಿಯಿಲ್ಲ. ಎರೆದ ಮೇಲೆ ಎರಡೂ ಪಾದಗಳನ್ನು ಹಿಡಿದು ಕೆಳಕ್ಕೆ ಜಗ್ಗುವುದು, ತಲೆಕೆಳಗಾಗಿ ಎತ್ತುವುದು ಮಾತ್ರ ಬೇಡ. (ನಾನು ಡಾಕ್ಟರ್ ಅಲ್ಲ, ಫಿಸಿಯೋಥೆರಪಿಸ್ಟ್.)

ಎತ್ತುವ ಕ್ರಮವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಕಾಲುಗಳ ನಡುವಿನ ಅಡ್ಡಕೋಲು ಹಿಡಿಕೆಯಂತೆ ಕಂಡರೂ ಅದನ್ನು ಹಿಡಿದು ಎಂದಿಗೂ ಎತ್ತಬಾರದು, ಬಿರುಕು ಬಿಟ್ಟರೆ ಇಡೀ ಪ್ಲಾಸ್ಟರ್ ಹೋದಂತೆ. ಒಂದು ಕೈ ಬೆನ್ನಿನ ಕೆಳಗೆ, ಇನ್ನೊಂದು ತೊಡೆಗಳ ಕೆಳಗೆ ಇರಲಿ. ಬಗ್ಗುವುದು ನಿಮ್ಮ ಮೊಣಕಾಲು, ಬೆನ್ನಲ್ಲ. ಎರಡು ಮೂರು ಗಂಟೆಗೊಮ್ಮೆ ಭಂಗಿ ಬದಲಿಸಿ. ಎಚ್ಚರವಿರುವಾಗ, ಯಾರಾದರೂ ಪಕ್ಕದಲ್ಲಿದ್ದರೆ, ಎದೆಯ ಕೆಳಗೆ ದಿಂಬು ಕೊಟ್ಟು ಬೋರಲಾಗಿ ಮಲಗಿಸಿ ಮುಂದೆ ಆಟಿಕೆ, ಪಾತ್ರೆ, ಸೌಟು ಏನಾದರೂ ಇಡಿ. ಕೈಗಳಿಗೆ ಕೆಲಸ ಸಿಕ್ಕರೆ ಮಗುವಿನ ಅರ್ಧ ಹಟ ಇಳಿಯುತ್ತದೆ. ಹಿತ್ತಲಿಗೆ, ಜಗಲಿಗೆ ಕರೆದುಕೊಂಡು ಹೋಗಿ ಮಳೆ ತೋರಿಸಿ.

ಮಕ್ಕಳ ವಾರ್ಡಿನ ನರ್ಸ್, ಮಂಗಳೂರು
ಮನೆಯ ಎಲ್ಲರಿಗೂ ಗೊತ್ತಿರಬೇಕಾದ ಅಪಾಯದ ಸೂಚನೆಗಳನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ದಿನಕ್ಕೆ ಕೆಲವು ಸಲ ಕಾಲ್ಬೆರಳುಗಳನ್ನು ನೋಡಿ. ಬೆರಳನ್ನು ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡುಗಳಲ್ಲಿ ಮತ್ತೆ ಕೆಂಪಾಗಬೇಕು. ಬೆರಳುಗಳು ನೀಲಿಯಾದರೆ, ತಣ್ಣಗಾದರೆ, ಊದಿಕೊಂಡರೆ, ಕಚಗುಳಿ ಇಟ್ಟರೂ ಅಲುಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಕಾರಣವಿಲ್ಲದ ಜ್ವರ, ಒಳಗಿನಿಂದ ಕೊಳೆತ ವಾಸನೆ, ಹೊರಮೈಯಲ್ಲಿ ಹೊಸದಾಗಿ ಕಂಡ ಕಲೆ, ಯಾವುದಕ್ಕೂ ನಿಲ್ಲದ ಅಳು, ಇವುಗಳಿಗೂ ಹಾಗೆಯೇ. ಹೊಟ್ಟೆ ಉಬ್ಬರಿಸಿ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ, ಪ್ಲಾಸ್ಟರಿನ ಬಿಗಿತದಿಂದ ಕರುಳಿಗೆ ತಡೆಯಾಗಿರಬಹುದು. ಅಜೀರ್ಣವೆಂದು ಓಮದ ನೀರು ಕುಡಿಸಿ ಕಾಯುವ ಸಂದರ್ಭ ಅದಲ್ಲ.

ತೀರ್ಥಹಳ್ಳಿಯ ತಾಯಿ
ಎಲ್ಲರಿಗೂ ಋಣಿ. ಮರುದಿನವೇ ಶಿವಮೊಗ್ಗಕ್ಕೆ ಹೋಗಿ ತೋರಿಸಿದೆವು. ನೆನೆದ ಅಂಚನ್ನು ಸ್ವಲ್ಪ ಕತ್ತರಿಸಿ, ಒಳಗಿನ ಮೆತ್ತೆ ಬದಲಿಸಿದರು. ಚರ್ಮ ಕೆಂಪಾಗಿತ್ತು, ಒಡೆದಿರಲಿಲ್ಲ. ಇನ್ನು ಎರಡು ದಿನ ತಡವಾಗಿದ್ದರೆ ಒಡೆಯುತ್ತಿತ್ತು ಎಂದರು. ಅಲ್ಲಿಯ ಸಿಸ್ಟರ್ ಒಬ್ಬರು ನೀರು ಹಿಡಿಯದ ಅಂಟುಪಟ್ಟಿಯನ್ನು ಹೂವಿನ ಎಸಳಿನಂತೆ ಕತ್ತರಿಸಿ, ಒಂದರ ಮೇಲೊಂದು ಬರುವಂತೆ ಅಂಚಿನ ಸುತ್ತ ಹಚ್ಚುವುದನ್ನು ಕಲಿಸಿಕೊಟ್ಟರು. ಈಗ ಅಂಚು ಚುಚ್ಚುವುದೂ ಇಲ್ಲ, ನೆನೆಯುವುದೂ ಇಲ್ಲ. ಹಾಸಿಗೆಯ ತಲೆಯ ಕಡೆ ಎರಡು ಅಡಿಕೆ ಹಲಗೆ ಕೊಟ್ಟಿದ್ದೇವೆ.

ಹಾಸನದ ಅಕ್ಕ, ನಿಮ್ಮ ಪ್ರಶ್ನೆಯನ್ನು ನನ್ನವರಿಗೇ ಓದಲು ಕೊಟ್ಟೆ. ರಾತ್ರಿಯ ಎರಡು ಗಂಟೆಯ ಡೈಪರ್ ಈಗ ಅವರದು.

ತೀರ್ಥಹಳ್ಳಿಯ ತಾಯಿ
12 ವಾರ ಮುಗಿದು ನಿನ್ನೆ ಪ್ಲಾಸ್ಟರ್ ತೆಗೆದರು. ಕತ್ತರಿಸುವ ಯಂತ್ರದ ಸದ್ದಿಗೆ ಮಗಳು ಬಹಳ ಹೆದರಿ ಅತ್ತಳು. ಅದರ ಅಲಗು ಗರಗರನೆ ತಿರುಗದೆ ಅತ್ತಿತ್ತ ನಡುಗುವುದರಿಂದ ಗಟ್ಟಿಯಾದದ್ದನ್ನು ಮಾತ್ರ ಕೊಯ್ಯುತ್ತದೆ ಎಂದು ತಂತ್ರಜ್ಞರು ತಮ್ಮ ಅಂಗೈಗೇ ತಾಗಿಸಿ ತೋರಿಸಿದ ಮೇಲೆ ನನಗೆ ಧೈರ್ಯ ಬಂತು. ಎಕ್ಸ್‌ರೇಯಲ್ಲಿ ಗುಂಡು ಬಟ್ಟಲಿನೊಳಗೇ ಇದೆ. ಆದರೆ ಒಂದು ಚಿಂತೆ: ಕಾಲುಗಳು ಈಗಲೂ ಕಪ್ಪೆಯಂತೆಯೇ ಅಗಲವಾಗಿವೆ, ಕಡ್ಡಿಯಂತೆ ಸಣ್ಣಗಾಗಿವೆ, ಚರ್ಮ ಹೊಪ್ಪಳಿಕೆ ಏಳುತ್ತಿದೆ, ನಿಲ್ಲಿಸಲು ಹೋದರೆ ಕಾಲೂರುವುದೇ ಇಲ್ಲ. ಊರಿನವರು ಒಬ್ಬ ನಾಟಿ ವೈದ್ಯರ ಬಳಿ ನೀವಿಸಿದರೆ ಬೇಗ ನೇರವಾಗುತ್ತದೆ ಎನ್ನುತ್ತಿದ್ದಾರೆ.

ಫಿಸಿಯೋಥೆರಪಿಸ್ಟ್, ಮೈಸೂರು
ದಯವಿಟ್ಟು ಹೋಗಬೇಡಿ. ಈಗ ಆ ಕಾಲನ್ನು ಯಾರೂ ಹಿಡಿದು ಎಳೆಯಬಾರದು, ಒತ್ತಿ ನೇರ ಮಾಡಬಾರದು. 12 ವಾರ ಒಂದೇ ಭಂಗಿಯಲ್ಲಿದ್ದ ಕಾಲು ತಾನಾಗಿಯೇ ದಿನದಿನಕ್ಕೆ ಸಡಿಲವಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಕೂರಿಸಿ ಆಡಲು ಬಿಡಿ. ಹೊಪ್ಪಳಿಕೆಯನ್ನು ಉಜ್ಜದೆ, ನೀರಿನಲ್ಲಿ ನೆನೆದು ಉದುರಲು ಬಿಟ್ಟು, ಆಮೇಲೆ ಹಗುರವಾಗಿ ಎಣ್ಣೆ ಸವರಿ. ಅವಳು ಮೊದಲು ಹೊರಳುತ್ತಾಳೆ, ತೆವಳುತ್ತಾಳೆ, ಹಿಡಿದು ನಿಲ್ಲುತ್ತಾಳೆ. ನಡಿಗೆಗೆ ಕೆಲವು ವಾರಗಳೇ ಬೇಕಾಗಬಹುದು. ಕಾಲುಗಳನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಬ್ರೇಸ್ ಕೊಟ್ಟಿದ್ದರೆ ಹೇಳಿದಷ್ಟು ಹೊತ್ತು ತಪ್ಪದೆ ಹಾಕಿ, ಎಕ್ಸ್‌ರೇಯ ದಿನಾಂಕಗಳನ್ನು ವರ್ಷಗಳವರೆಗೂ ತಪ್ಪಿಸಬೇಡಿ.

ಹಾಸನದ ಅಕ್ಕ
ನಮ್ಮವಳು ಪ್ಲಾಸ್ಟರ್ ತೆಗೆದ ರಾತ್ರಿ, ಅದು ಬೇಕೆಂದು ಅತ್ತಳು. ಅವಳಿಗೆ ಮೈ ಹಗುರವಾದದ್ದೇ ಭಯವಾಗಿತ್ತು. ಎರಡು ದಿನ ಸೊಂಟದ ಸುತ್ತ ದಿಂಬುಗಳನ್ನು ಒತ್ತರಿಸಿ ಮಲಗಿಸಿದೆ.

ಚಿತ್ರದುರ್ಗದ ತಂದೆ
ಇಡೀ ಚರ್ಚೆಯನ್ನು ಈಗಷ್ಟೇ ಓದಿ ಮುಗಿಸಿದೆ. ನನ್ನ 14 ತಿಂಗಳ ಮಗಳಿಗೆ ಬರುವ ಸೋಮವಾರ ಇದೇ ಪ್ಲಾಸ್ಟರ್ ಹಾಕುತ್ತಾರೆ. ಆಸ್ಪತ್ರೆಯಿಂದ ಮನೆಗೆ 30 ಕಿಲೋಮೀಟರ್. ನನ್ನ ಬಳಿ ಬೈಕ್ ಮಾತ್ರ ಇದೆ. ಹೆಂಡತಿ ಹಿಂದೆ ಮಗುವನ್ನು ಹಿಡಿದು ಕೂರಬಹುದೇ?

ಮಕ್ಕಳ ವಾರ್ಡಿನ ನರ್ಸ್, ಮಂಗಳೂರು
ಬೈಕ್ ಖಂಡಿತ ಬೇಡ. ಕಾಲುಗಳು ಎರಡೂ ಬದಿಗೆ ಚಾಚಿರುವುದರಿಂದ ಹಿಡಿತವೇ ಸಿಗುವುದಿಲ್ಲ. ಅಗಲ ಬಾಗಿಲಿನ ಕಾರು ಅಥವಾ ವ್ಯಾನನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಬಿಡುಗಡೆಗೆ ಮುನ್ನ ಡೈಪರ್ ತೂರಿಸುವುದನ್ನು, ಹೊರಳಿಸುವುದನ್ನು ನಿಮ್ಮ ಕೈಯಿಂದಲೇ ಒಮ್ಮೆ ಮಾಡಿಸಿ ತೋರಿಸುವಂತೆ ಕೇಳಿ, ತೋರಿಸುವವರೆಗೆ ವಾರ್ಡು ಬಿಡಬೇಡಿ.

ತೀರ್ಥಹಳ್ಳಿಯ ತಾಯಿ
ಅಣ್ಣ, ಹಿಂದೆ ಸೀಳಿಸಿ ಲಾಡಿ ಹಾಕಿಸಿದ ಆರು ಫ್ರಾಕುಗಳು ಒಗೆದು ಮಡಿಸಿಟ್ಟಿವೆ. ಅತ್ತೆಯವರು ಹೊಲಿದ ಎರಡು ಸಣ್ಣ ದಿಂಬುಗಳೂ ಇವೆ. ನಾಳೆ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಕೊಟ್ಟು ಕಳುಹಿಸುತ್ತೇನೆ, ಅಲ್ಲಿಂದ ಚಿತ್ರದುರ್ಗದ ಬಸ್ಸಿಗೆ ಹಾಕಲು ನನ್ನ ತಮ್ಮನಿದ್ದಾನೆ. ನಿಮ್ಮ ಮಗಳು ನನ್ನ ಮಗಳಿಗಿಂತ ದಪ್ಪಗಿದ್ದಾಳೆಯೇ, ತೆಳ್ಳಗಿದ್ದಾಳೆಯೇ ತಿಳಿಸಿ, ಲಾಡಿಯನ್ನು ಉದ್ದ ಮಾಡಿಸಬೇಕಾದೀತು.